ಐದು ಗಂಟೆಯವರು

ಶುಕ್ರವಾರದ ಕೊನೆಯ ಪೀರಿಯಡ್ಡು, ಏಳನೇ ಬಿ.
ನೀತಿ ಪಾಠವೆಂದರೆ ಅರ್ಧ ಆಕಳಿಕೆ, ಅರ್ಧ ಬ್ಯಾಗಿನ ಜಿಪ್ಪಿನ ಸದ್ದು.
ಕಿಟಕಿಯಾಚೆ ಕೋಟೆ ರಸ್ತೆಯ ಹಾರನ್ನು,
ತುಂಗೆಯ ಕಡೆಯಿಂದ ಬಂದ ಗಾಳಿಗೆ ಏಳುವ ಸೀಮೆಸುಣ್ಣದ ಧೂಳು.
ನಾನು ಜಸಿಂತಾ ಮಿಸ್.
ಹನ್ನೊಂದು ವರ್ಷದಿಂದ ಇದೇ ಕಥೆ, ಇದೇ ಹಲಗೆ,
ಕೆಂಪು ಅಕ್ಷರದಲ್ಲಿ 'ನೀತಿ:' ಎಂದು ಬರೆದು
ಕಥೆ ಮುಗಿದ ಮೇಲೆ ಎದುರಿಗೆ ಒಂದು ಸಾಲು.
ಇದಕ್ಕೆ ನನ್ನ ಸಾಲು ಸಿದ್ಧವಿತ್ತು:
ಪರರ ಪಾಲು ಕಂಡು ಹೊಟ್ಟೆಕಿಚ್ಚು ಪಡಬಾರದು.

ಒಬ್ಬ ಯಜಮಾನ, ಅವನದೊಂದು ದ್ರಾಕ್ಷಿ ತೋಟ.
ನಮ್ಮ ಸೀಮೆಯಲ್ಲಿ ದ್ರಾಕ್ಷಿ ಬಳ್ಳಿಯಲ್ಲಿ ಬಿಡುವುದಿಲ್ಲ,
ತಳ್ಳುಗಾಡಿಯಲ್ಲಿ ಬಿಡುತ್ತದೆ, ಕಾಲು ಕೇಜಿ ನಲವತ್ತು.
ಇರಲಿ. ಬೆಳಿಗ್ಗೆ ಆರಕ್ಕೆ ಪೇಟೆಗೆ ಬಂದು ಆಳು ಕರೆದ,
ಒಂಬತ್ತಕ್ಕೆ ಬಂದ, ಹನ್ನೆರಡಕ್ಕೆ, ಮೂರಕ್ಕೆ,
ಸಂಜೆ ಐದಕ್ಕೂ ಬಂದ. ಆಗಲೂ ನಿಂತವರಿದ್ದರು.
ನೀವೂ ಬನ್ನಿ, ಅಂದ.
ಹೊತ್ತು ಮುಳುಗಿ ಬಟವಾಡೆ ಶುರು, ಕೊನೆಗೆ ಬಂದವರಿಂದ.
ಎಲ್ಲರ ಅಂಗೈಗೂ ಒಂದೊಂದೇ ನಾಣ್ಯ.
"ಒಂದು ನಾಣ್ಯ ಅಂದ್ರೆ ಎಷ್ಟು ಮಿಸ್?"
"ಒಂದು ದಿನದ ಕೂಲಿ."
"ಎಂಟ್ನೂರಾ?"
ಯಾರೋ ಸಿಳ್ಳೆ ಹಾಕಿದರು.

ಮುಂದಿನ ಬೆಂಚಿನಿಂದ ಕೃತ್ತಿಕಾ ಎದ್ದಳು, ಕಂಟ್ರಾಕ್ಟರ್ ಮಗಳು,
ಲೆಕ್ಕದಲ್ಲಿ ಯಾವಾಗಲೂ ಇಪ್ಪತ್ತೈದಕ್ಕೆ ಇಪ್ಪತ್ತೈದು.
"ಮಿಸ್, ಹೀಗೆ ಕೊಟ್ರೆ ನಾಳೆ ಬೆಳಿಗ್ಗೆ ಆರಕ್ಕೆ ಯಾರ್ ಬರ್ತಾರೆ?"
ತರಗತಿ ನಕ್ಕಿತು. ನನಗೂ ನಗು ಬಂತು.
ಗೈಡಿನಲ್ಲಿ ಈ ಪ್ರಶ್ನೆ ಇಲ್ಲ.

ಹಿಂದಿನಿಂದ ಜಬೀವುಲ್ಲಾ, ಎದ್ದು ನಿಲ್ಲದೆಯೇ:
"ಅವ್ರೂ ಆರಕ್ಕೇ ಬಂದಿದ್ರು ಮಿಸ್."
"ಯಾರಪ್ಪಾ?"
"ಐದು ಗಂಟೆಯವ್ರು. ಆರಕ್ಕೇ ಬಂದು ನಿಂತಿದ್ರು.
ಯಾರೂ ಕರೀಲಿಲ್ಲ, ಅಷ್ಟೆ."

ಆಮೇಲೆ ಡೆಸ್ಕಿನ ಗೀರು ಕೆರೆಯುತ್ತ ಹೇಳಿದ:
ಅಪ್ಪ ಪೇಂಟರ್. ಬ್ರಷ್ಷು, ಟಿಫಿನ್ ಡಬ್ಬಿ ಹಿಡಿದು ಸರ್ಕಲ್ಲಿನಲ್ಲಿ ನಿಲ್ಲುತ್ತಾರೆ.
ಗಾಡಿ ನಿಂತರೆ ಎಲ್ಲರೂ ಓಡುತ್ತಾರೆ. ಅಪ್ಪನಿಗೆ ಮೊಣಕಾಲು ನೋವು.
ಯಾರೂ ಕರೆಯದ ದಿನ ಹೊಳೆಯ ಮೆಟ್ಟಿಲ ಮೇಲೆ ಕೂತು
ಡಬ್ಬಿ ಖಾಲಿ ಮಾಡಿ, ಸಂಜೆ ಆರಕ್ಕೇ ಮನೆಗೆ, ಕೆಲಸ ಬಿಟ್ಟವರ ಹಾಗೆ.
"ಮೊಣಕೈಗೆ ಒಂಚೂರು ಸುಣ್ಣ ಹಚ್ಕೊಂಡು ಬರ್ತಾರೆ ಮಿಸ್.
ಅಮ್ಮೀಗೆ ಗೊತ್ತು.
ಆದ್ರೂ ಬಿಸಿನೀರು ಕಾಸಿ ಇಟ್ಟಿರ್ತಾಳೆ."

ತರಗತಿ ಸ್ತಬ್ಧವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ.
ಮೂಲೆಯಲ್ಲಿ ಇಬ್ಬರು ರಬ್ಬರಿಗೆ ಜಗಳವಾಡುತ್ತಿದ್ದರು.
ಕೃತ್ತಿಕಾ ಮಾತ್ರ ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಹಾಕಿ,
"ಯಾವ ಸರ್ಕಲ್ಲು?" ಎಂದು ತಿರುಗಿ ಕೇಳಿದಳು.
ಅವನು ಹೇಳಲಿಲ್ಲ.
ಗಂಟೆ ಹೊಡೆಯಿತು.
'ನೀತಿ'ಯ ಮುಂದೆ ಎರಡು ಚುಕ್ಕೆ ಹಾಗೇ ಉಳಿದವು,
ಕರೆಯುತ್ತಾರೇನೋ ಎಂದು ಒಂದರ ಮೇಲೊಂದು ನಿಂತ ಹಾಗೆ.

ಸೋಮವಾರ, ಬೆಳಿಗ್ಗೆ ಏಳೂವರೆ. ಸಿಗ್ನಲ್ಲು ಕೆಂಪು.
ನನ್ನ ಸ್ಕೂಟಿ ನಿಂತದ್ದೇ ತಡ, ಸುತ್ತ ಆರೇಳು ಜನ.
"ಎಷ್ಟ್ ಜನ ಬೇಕು ಮೇಡಮ್? ಗಾರೆಗಾ? ಪೇಂಟಿಗಾ?"
ಹನ್ನೊಂದು ವರ್ಷ ಇದೇ ಸರ್ಕಲ್ ದಾಟಿಕೊಂಡು ಹೋಗಿ
ಆ ಕಥೆ ಹೇಳಿದ್ದೇನೆ.
ಆಚೆ, ಕಂಬಕ್ಕೆ ಒರಗಿ, ಓಡಿ ಬಾರದ ಒಬ್ಬರು,
ಪೇಪರಿನಲ್ಲಿ ಸುತ್ತಿದ ಬ್ರಷ್ಷು ಎದೆಗೆ ಒತ್ತಿಕೊಂಡು.
ಜಬೀಯ ಅಪ್ಪನೋ ಅಲ್ಲವೋ, ನನಗೇನು ಗೊತ್ತು.
ನನ್ನ ಹತ್ತಿರ ಇದ್ದದ್ದು ತಿದ್ದದ ನಲವತ್ತೊಂದು ನೋಟ್‌ಬುಕ್ಕು.
ಹಸಿರು ಬಂತು. ಹಿಂದಿನವರು ಹಾರನ್ ಒತ್ತಿದರು.

ಆ ಯಜಮಾನ ಐದಕ್ಕೆ ಮತ್ತೆ ಯಾಕೆ ಬಂದ?
ಒಂದು ತಾಸಿಗೆ ಯಾವ ತೋಟ ಮುಗಿಯುತ್ತದೆ?
ದಿನವಿಡೀ ಇದೇ ತಲೆಯಲ್ಲಿ.

ಶಾಲೆ ಬಿಟ್ಟ ಮೇಲೆ ಮನೆ ದಾರಿ ಹಿಡಿಯದೆ
ಸ್ಕೂಟಿ ಸರ್ಕಲ್ಲಿನ ಕಡೆಗೆ ತಿರುಗಿಸಿದೆ.
ನಮ್ಮ ಕಾಂಪೌಂಡು ಸುಣ್ಣ ಕಂಡು ಎಷ್ಟು ವರ್ಷವಾಯಿತು
ಎಂದು ಎಣಿಸುತ್ತ.
ವಾಚಿನಲ್ಲಿ ಐದಾಗಲು ಇನ್ನೂ ಹತ್ತು ನಿಮಿಷವಿತ್ತು.